25 ವರ್ಷ ದಾಟಿದ ಸ್ಕೈಲೈನ್‌ಗೆ ಕ್ಯಾಲಿಫೋರ್ನಿಯಾ ಪ್ಲೇಟ್ ಸಿಗುತ್ತದಾ?

ಪ್ರಶ್ನೆ: ನಾನಿರುವುದು ಫ್ರೀಮಾಂಟ್‌ನಲ್ಲಿ. ಹೈಸ್ಕೂಲ್ ದಿನಗಳಿಂದಲೂ ನಿಸಾನ್ ಸ್ಕೈಲೈನ್ ಜಿಟಿ-ಆರ್ ಹುಚ್ಚು. ಈಗ ಸಿಯಾಟಲ್ ಹತ್ತಿರ ಅದರ ಆರ್32 ಮಾಡೆಲ್, 1992ರದು, ಒಂದು ಕಣ್ಣಿಗೆ ಬಿದ್ದಿದೆ. ಜಪಾನ್‌ನಿಂದ ತರಿಸಿದ್ದು, ವಾಷಿಂಗ್ಟನ್ ರಾಜ್ಯದ ಟೈಟಲ್ (ಮಾಲೀಕತ್ವದ ಪತ್ರ) ಇದೆ. 48,000 ಡಾಲರ್ ಕೇಳುತ್ತಿದ್ದಾರೆ. "25 ವರ್ಷ ದಾಟಿದೆ, ಎಲ್ಲ ಕಡೆ ಲೀಗಲ್. ಒಂದು ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಮಾಡಿಸಿದರೆ ಮುಗೀತು" ಎನ್ನುತ್ತಾರೆ ಮಾರುವವರು. ಆಸ್ಟಿನ್‌ನಲ್ಲಿರುವ ಗೆಳೆಯ ಇಂಥದ್ದೇ ಕಾರಿಗೆ ಒಂದೇ ದಿನದಲ್ಲಿ ಪ್ಲೇಟ್ ಮಾಡಿಸಿಕೊಂಡ. ಮೊಂಟಾನಾದಲ್ಲಿ ಎಲ್‌ಎಲ್‌ಸಿ ಎಂಬ ಬಗೆಯ ಕಂಪನಿ ತೆರೆದು ಅಲ್ಲಿನ ಪ್ಲೇಟ್ ಹಾಕಿಕೋ ಎಂದು ಆಫೀಸಿನಲ್ಲಿ ಒಬ್ಬರು ಹೇಳುತ್ತಾರೆ. ಹಳೇ ಕಾರು ಸಂಗ್ರಹಿಸುವ ಟಿವಿ ನಿರೂಪಕ ಜೇ ಲೆನೋ ಹೆಸರಿನ ಕಾನೂನು ಬರುತ್ತೆ, ಕಾಯಿ ಎಂದು ಇನ್ನೊಬ್ಬರು. ಅಡ್ವಾನ್ಸ್ ಕೊಡಲು ಶುಕ್ರವಾರದವರೆಗೆ ಟೈಮ್ ಇದೆ. ಯಾರ ಮಾತು ನಂಬಲಿ? ಬಲಗಡೆ ಸ್ಟೀರಿಂಗ್ ಇರುವುದೂ ತೊಂದರೆಯಾ?

ಉತ್ತರ: ಮೊದಲು ಶುಕ್ರವಾರದ ವಿಷಯ. ಅಡ್ವಾನ್ಸ್ ಕೊಡಬೇಡಿ. ಕಾರು ಕೆಟ್ಟದ್ದು ಅಂತಲ್ಲ, ತುಂಬಾ ಒಳ್ಳೆಯದೇ ಇರಬಹುದು. ಆದರೆ ನೀವು ಬರೆದಿರುವಷ್ಟು ಕಾಗದಪತ್ರದ ಮೇಲೆ ಅದು ಫ್ರೀಮಾಂಟ್‌ನ ರಸ್ತೆಗೆ ಇಳಿಯುವುದಿಲ್ಲ.

ವರ್ಷಗಟ್ಟಲೆ ಎಮಿಷನ್ ಟೆಸ್ಟಿಂಗ್, ಅಂದರೆ ಕಾರಿನ ಹೊಗೆ ಪರೀಕ್ಷೆಯ ಕೆಲಸ ಮಾಡಿದ್ದೇನೆ. ನಿಮ್ಮ ಹಾಗೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಆಗಲೇ ಕಾರು ಕೊಂಡಾಗಿರುತ್ತದೆ. ನೀವು ಕೊಳ್ಳುವ ಮೊದಲು ಕೇಳಿದ್ದೀರಿ. ಅರ್ಧ ಕೆಲಸ ಅಲ್ಲೇ ಆಯಿತು.

ಮಾರುವವರು ಹೇಳಿದ 25 ವರ್ಷದ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಅದು ಕೇಂದ್ರ ಸರ್ಕಾರದ ನಿಯಮ. ಅಮೆರಿಕದ ಮಾರುಕಟ್ಟೆಗೆಂದು ತಯಾರಾಗದ ಕಾರಿನಲ್ಲಿ ಇಲ್ಲಿನ ಸುರಕ್ಷತಾ ನಿಯಮಕ್ಕೆ ತಕ್ಕ ಬಂಪರ್, ದೀಪ, ಸೀಟ್ ಬೆಲ್ಟ್ ಇರುವುದಿಲ್ಲ. ತಯಾರಾಗಿ 25 ವರ್ಷ ತುಂಬಿದರೆ ಸಾರಿಗೆ ಇಲಾಖೆ ಅದನ್ನು ಕೇಳುವುದಿಲ್ಲ. ಬಂದರಿನಲ್ಲಿ ಎಚ್‌ಎಸ್-7 ಎಂಬ ಫಾರ್ಮ್ ತುಂಬಿದರೆ ಸಾಕು. ಹೊಗೆಯ ವಿಷಯ ನೋಡುವುದು ಇಪಿಎ, ಅಂದರೆ ಕೇಂದ್ರದ ಪರಿಸರ ಸಂಸ್ಥೆ. ಅವರ ಲೆಕ್ಕದಲ್ಲಿ 21 ವರ್ಷ, ಅದೂ ಕಾರು ಮೂಲ ಸ್ಥಿತಿಯಲ್ಲಿದ್ದರೆ. ಅದಕ್ಕೆ 3520-1 ಎಂಬ ಇನ್ನೊಂದು ಫಾರ್ಮ್. ಈ ಎರಡೂ ಆದಮೇಲೆ ಕಸ್ಟಮ್ಸ್ ಕಾರನ್ನು ದೇಶದೊಳಗೆ ಬಿಡುತ್ತದೆ. ಅಲ್ಲಿಗೆ ಕೇಂದ್ರದ ಕೆಲಸ ಮುಗಿಯಿತು. ರಸ್ತೆಗೆ ಬಿಡುವುದು ರಾಜ್ಯದ ಕೈಯಲ್ಲಿದೆ.

ಹೆಚ್ಚಿನ ರಾಜ್ಯಗಳು ಕೇಂದ್ರ ಒಪ್ಪಿದ್ದನ್ನು ಸುಮ್ನೆ ಒಪ್ಪಿಕೊಳ್ಳುತ್ತವೆ. ನಿಮ್ಮ ಆಸ್ಟಿನ್ ಗೆಳೆಯನ ಕತೆ ಅದೇ. ಟೆಕ್ಸಾಸ್‌ನಲ್ಲಿ ಎಮಿಷನ್ ಟೆಸ್ಟ್ ಇರುವುದೇ ಕೆಲವು ಕೌಂಟಿಗಳಲ್ಲಿ. ಆಸ್ಟಿನ್ ಇರುವ ಟ್ರಾವಿಸ್ ಕೌಂಟಿ ಅದರಲ್ಲಿ ಒಂದು ಹೌದು, ಆದರೆ ಅಲ್ಲೂ 2ರಿಂದ 24 ವರ್ಷದ ಕಾರುಗಳಿಗೆ ಮಾತ್ರ ಟೆಸ್ಟ್. ಅವನ ಕಾರು 25 ದಾಟಿದೆ, ಯಾರೂ ಹೊಗೆ ಕೊಳವೆ ಮುಟ್ಟಿಲ್ಲ. ವಾಷಿಂಗ್ಟನ್ ರಾಜ್ಯ 2020ರಿಂದ ಎಮಿಷನ್ ಟೆಸ್ಟನ್ನೇ ನಿಲ್ಲಿಸಿದೆ. ಹಾಗಾಗಿ ಸಿಯಾಟಲ್‌ನವರ ಕೈಯಲ್ಲಿರುವ ಟೈಟಲ್ ಕಾರಿನ ಮಾಲೀಕ ಯಾರು ಅಂತ ಹೇಳುತ್ತದೆ ಅಷ್ಟೆ. ಅದರ ಹೊಗೆಯ ಬಗ್ಗೆ ಏನೂ ಹೇಳುವುದಿಲ್ಲ. ನಿಮ್ಮ ಗೆಳೆಯನೂ ಸುಳ್ಳು ಹೇಳಿಲ್ಲ, ಮಾರುವವರೂ ಬೇಕಂತಲೇ ಮೋಸ ಮಾಡುತ್ತಿರಲಿಕ್ಕಿಲ್ಲ. ಅವರವರ ಊರಿನಲ್ಲಿ ಅದು ನಿಜವೇ.

ಕ್ಯಾಲಿಫೋರ್ನಿಯಾ ಯಾಕೆ ಹೀಗೆ ಅಂತ ಬಹಳ ಜನ ಬೇಸರದಿಂದ ಕೇಳುತ್ತಾರೆ. ಇದಕ್ಕೊಂದು ಹಿನ್ನೆಲೆ ಇದೆ. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಮೇಲೆ ಎಂಥ ದಟ್ಟ ಹೊಗೆಮಂಜು ಕವಿಯಿತೆಂದರೆ, ಜನರ ಕಣ್ಣು ಉರಿದು ನೀರು ಸುರಿಯಿತು. 1950ರ ದಶಕದ ಆರಂಭದಲ್ಲಿ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ಇದರ ಮೂಲ ಹಿಡಿದರು. ಕಾರುಗಳಿಂದ ಬರುವ ಸುಡದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್‌ಗಳು, ಮೇಲೆ ಸುಡುವ ಬಿಸಿಲು, ಮೂರೂ ಸೇರಿ ಓಜೋನ್ ಹುಟ್ಟುತ್ತದೆ. ಸುತ್ತ ಬೆಟ್ಟ ಇರುವುದರಿಂದ ಅದು ಕಣಿವೆಯಲ್ಲೇ ಕೂತುಬಿಡುತ್ತದೆ. ಕೇಂದ್ರ ಎಚ್ಚೆತ್ತುಕೊಳ್ಳುವ ಮೊದಲೇ ಈ ರಾಜ್ಯ ತನ್ನದೇ ನಿಯಮ ಮಾಡಿತ್ತು. 1967ರಲ್ಲಿ ಏರ್ ರಿಸೋರ್ಸಸ್ ಬೋರ್ಡ್ ಹುಟ್ಟಿತು. ನಾವೆಲ್ಲ ಕಾರ್ಬ್ ಎಂದು ಕರೆಯುವುದು ಇದನ್ನೇ. ಅದರ ಮೊದಲ ಅಧ್ಯಕ್ಷರು ಇದೇ ಹಾಗೆನ್-ಸ್ಮಿಟ್. ಕೇಂದ್ರಕ್ಕಿಂತ ಬಿಗಿಯಾದ ನಿಯಮ ಇಟ್ಟುಕೊಳ್ಳಲು ಕೇಂದ್ರದ ಕಾನೂನೇ ಕ್ಯಾಲಿಫೋರ್ನಿಯಾಕ್ಕೆ ದಾರಿ ಬಿಟ್ಟಿದೆ.

ಈಗ ನಿಮ್ಮ ಕಾರಿಗೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಎಲ್ಲರೂ ಒಂದೇ ಮಾಡಿಬಿಡುತ್ತಾರೆ. ಕಾರು ಈಗ ಶುಚಿಯಾಗಿ ಓಡುತ್ತಿದೆಯಾ ಎನ್ನುವುದು ಒಂದು. ಈ ಕಾರಿಗೆ ಇಲ್ಲಿನ ಮಾನದಂಡಕ್ಕೆ ತಕ್ಕದ್ದು ಎಂಬ ಪ್ರಮಾಣ ಯಾವತ್ತಾದರೂ ಸಿಕ್ಕಿದೆಯಾ ಎನ್ನುವುದು ಇನ್ನೊಂದು. ಸ್ಮಾಗ್ ಚೆಕ್ ಉತ್ತರಿಸುವುದು ಮೊದಲನೆಯದಕ್ಕೆ. ನಿಮ್ಮ ಆರ್32 ಸಿಕ್ಕಿಕೊಳ್ಳುವುದು ಎರಡನೆಯದರಲ್ಲಿ.

ಅಮೆರಿಕಕ್ಕೆಂದೇ ತಯಾರಾದ ಕಾರಿನ ಬಾನೆಟ್ ಎತ್ತಿದರೆ ಒಂದು ಸ್ಟಿಕ್ಕರ್ ಕಾಣುತ್ತದೆ. ಇಂಥ ವರ್ಷದ ಇಪಿಎ ನಿಯಮಕ್ಕೆ, ಅಥವಾ ಕ್ಯಾಲಿಫೋರ್ನಿಯಾ ನಿಯಮಕ್ಕೆ ಹೊಂದುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಆ ಪ್ರಮಾಣ ಪಡೆದದ್ದು ಕಂಪನಿ, ಮಾಡೆಲ್ ಬಿಡುಗಡೆಗೆ ಮೊದಲೇ. ಸ್ಮಾಗ್ ಅಂಗಡಿಯವರು ಮಾಡುವುದು ಆ ಪ್ರಮಾಣದಂತೆ ಕಾರು ಇನ್ನೂ ನಡೆಯುತ್ತಿದೆಯಾ ಎಂಬ ತಪಾಸಣೆ ಮಾತ್ರ. ಜಪಾನ್‌ನ ಒಳಮಾರುಕಟ್ಟೆಗೆ ತಯಾರಾದ ಆರ್32ರಲ್ಲಿ ಆ ಸ್ಟಿಕ್ಕರ್ ಇಲ್ಲ. ಯಾವುದಕ್ಕೆ ಹೋಲಿಸಿ ನೋಡಬೇಕು ಎಂಬುದೇ ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಯಾರೋ ಪರಿಚಯದವರು "ಪಾಸ್ ಮಾಡಿಸಿ ಕೊಡ್ತೀನಿ" ಅಂದರೂ ಆ ಸರ್ಟಿಫಿಕೇಟು ಇಲ್ಲಿ ಸಾಲುವುದಿಲ್ಲ.

ಇಂಥ ಕಾರುಗಳಿಗೆ ಇಲ್ಲಿ ಡೈರೆಕ್ಟ್ ಇಂಪೋರ್ಟ್ ಎನ್ನುತ್ತಾರೆ, ಗ್ರೇ ಮಾರ್ಕೆಟ್ ಎಂದೂ ಕರೆಯುವುದುಂಟು. 1992ರ ಕಾರನ್ನು ಕಾರ್ಬ್ ಲೈಸೆನ್ಸ್ ಕೊಟ್ಟ ಪ್ರಯೋಗಾಲಯವೊಂದು ಬದಲಾಯಿಸಿ, ಪರೀಕ್ಷಿಸಿ, ಪ್ರಮಾಣಪತ್ರ ಕೊಟ್ಟ ಮೇಲೆಯೇ ರಾಜ್ಯದ ವಾಹನ ಇಲಾಖೆಯಾದ ಡಿಎಂವಿ ನೋಂದಾಯಿಸುತ್ತದೆ. ಅಂಥ ಲ್ಯಾಬ್‌ಗಳು ಬೆರಳೆಣಿಕೆಯಷ್ಟು. ಪ್ರಮಾಣಪತ್ರವೂ ಆ ಒಂದೇ ಕಾರಿಗೆ, ಅದರ ಚಾಸಿಸ್ ನಂಬರಿಗೆ. ಪಕ್ಕದ ಮನೆಯವರ ಆರ್32 ಪಾಸಾಯಿತು ಅಂತ ನಿಮ್ಮದು ಆಗುವುದಿಲ್ಲ.

ಆ ಪರೀಕ್ಷೆ ಹೇಗಿರುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ದುಡ್ಡು ಎಲ್ಲಿ ಹೋಗುತ್ತದೆ ಎಂಬುದು ಆಗ ಅರ್ಥವಾಗುತ್ತದೆ. ಕಾರನ್ನು ಕನಿಷ್ಠ 12 ಗಂಟೆ ಎಂಜಿನ್ ಆರಿಸಿ, ನಿಗದಿತ ತಾಪಮಾನದ ಕೋಣೆಯಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಹೋಗಿ ಡೈನಮೋಮೀಟರ್ ಮೇಲೆ, ಅಂದರೆ ನಿಂತಲ್ಲೇ ಚಕ್ರ ಉರುಳಿಸುವ ಯಂತ್ರದ ಮೇಲೆ ಏರಿಸುತ್ತಾರೆ. ಪೂರ್ತಿ ತಣ್ಣಗಿರುವ ಎಂಜಿನ್ ಚಾಲೂ ಆದ ಮೊದಲ ಕ್ಷಣದಿಂದಲೇ ಹೊಗೆಯನ್ನು ಚೀಲಗಳಲ್ಲಿ ಹಿಡಿಯುತ್ತಾರೆ. ಸುಮಾರು 11 ಮೈಲಿ, ನಗರದಲ್ಲಿ ನಿಂತು ನಿಂತು ಹೋಗುವ ಹಾಗೆ ಓಡಿಸುತ್ತಾರೆ. ನಡುವೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಚಾಲೂ. ಕೊನೆಗೆ ಮೈಲಿಗೆ ಎಷ್ಟು ಗ್ರಾಂ ಎಂಬ ಲೆಕ್ಕ.

ಪೆಟ್ಟು ಬೀಳುವುದು ಆ ಮೊದಲ ಒಂದೆರಡು ನಿಮಿಷದಲ್ಲಿ. ಹೊಗೆಯನ್ನು ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುವವರೆಗೆ ಕೆಲಸ ಮಾಡುವುದಿಲ್ಲ. ಈ ಕಾರಿನ ಆರ್‌ಬಿ26 ಎಂಜಿನ್‌ನಲ್ಲಿ ಎರಡು ಟರ್ಬೊ ಇವೆ. ಹೊಗೆಯ ಬಿಸಿಯನ್ನು ಮೊದಲು ಅವೇ ಹೀರಿಕೊಂಡು, ಉಳಿದದ್ದು ಕನ್ವರ್ಟರ್‌ಗೆ ತಲುಪುತ್ತದೆ. ಅಷ್ಟರಲ್ಲಿ ಚೀಲ ಸಾಕಷ್ಟು ಕೊಳಕಾಗಿರುತ್ತದೆ. ಈ ಎಂಜಿನ್ ಕೊಳಕು ಅಂತಲ್ಲ. ಜಪಾನ್‌ನಲ್ಲಿ ಆಗಿದ್ದ ಮುಖ್ಯ ಪರೀಕ್ಷೆಯ ಕ್ರಮವೇ ಬೇರೆ, ಬಿಸಿಯಾದ ಎಂಜಿನ್ ಮೇಲೆ ಓಡಿಸುವಂಥದ್ದು. ಒಂದು ಸಿಲಬಸ್ ಓದಿದ ಹುಡುಗನ ಮುಂದೆ ಇನ್ನೊಂದು ಬೋರ್ಡಿನ ಪ್ರಶ್ನೆಪತ್ರಿಕೆ ಇಟ್ಟ ಹಾಗೆ.

ಇದಲ್ಲದೆ ಟ್ಯಾಂಕ್, ಪೈಪುಗಳಿಂದ ಆವಿಯಾಗಿ ಸೋರುವ ಪೆಟ್ರೋಲಿನ ಪರೀಕ್ಷೆ ಬೇರೆ. ಇಡೀ ಕಾರನ್ನು ಮುಚ್ಚಿದ ಕೋಣೆಯೊಳಗೆ ಇಟ್ಟು ಗಾಳಿಯಲ್ಲಿ ಎಷ್ಟು ಆವಿ ಸೇರಿತೆಂದು ಅಳೆಯುತ್ತಾರೆ. 30 ವರ್ಷದ ರಬ್ಬರ್ ಹೋಸ್ ಇಲ್ಲಿ ಮಾನ ಕಳೆಯುತ್ತದೆ. ಹಾಗಾಗಿ ಲ್ಯಾಬ್‌ನವರು ಸಾಮಾನ್ಯವಾಗಿ ಹೊಸ ಕನ್ವರ್ಟರ್, ಆವಿ ಹಿಡಿಯುವ ಇದ್ದಿಲಿನ ಡಬ್ಬಿ, ಹೋಸ್‌ಗಳು, ಆಕ್ಸಿಜನ್ ಸೆನ್ಸರ್‌ಗಳು ಇವಕ್ಕೆಲ್ಲ ಕೈಹಾಕುತ್ತಾರೆ. ಪೆಟ್ರೋಲಿನದ್ದೂ ಒಂದು ತಕರಾರಿದೆ. ಅಲ್ಲಿನ ಪ್ರೀಮಿಯಂ ಪೆಟ್ರೋಲ್ 100 ಆಕ್ಟೇನ್ ಸುತ್ತಮುತ್ತ. ಇಲ್ಲಿ ಬಂಕ್‌ನಲ್ಲಿ ಸಿಗುವ 91 ಬೇರೆ ವಿಧಾನದ ಲೆಕ್ಕ, ಅವರ ಲೆಕ್ಕಕ್ಕೆ ತಂದರೆ 95-96 ಆಗಬಹುದು. ಟ್ಯೂನಿಂಗ್ ಅದಕ್ಕೆ ತಕ್ಕಂತೆ ಸರಿಪಡಿಸಬೇಕು. ಇಲ್ಲದಿದ್ದರೆ ಎಂಜಿನ್‌ಗೇ ಏಟು.

ಖರ್ಚು? ಸಾವಿರಗಳಲ್ಲಿ ಅಂತೂ ಖಂಡಿತ. ಹತ್ತು ಸಾವಿರ ಡಾಲರ್ ಮುಟ್ಟಿದರೆ ಆಶ್ಚರ್ಯಪಡಬೇಡಿ. ಮೊದಲ ಸಲ ಫೇಲ್ ಆದರೆ ಮತ್ತೆ ರಿಪೇರಿ, ಮತ್ತೆ ಪರೀಕ್ಷೆ, ಮತ್ತೆ ಬಿಲ್. ತಿಂಗಳುಗಟ್ಟಲೆ ಕಾಯಬೇಕು. ಪಾಸಾಗುತ್ತದೆ ಎಂದು ಯಾವ ಪ್ರಾಮಾಣಿಕ ಲ್ಯಾಬೂ ಗ್ಯಾರಂಟಿ ಕೊಡುವುದಿಲ್ಲ. ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಇದರ ಮೇಲೆ ಹೊರಗಿಂದ ಕೊಂಡು ತಂದದ್ದಕ್ಕೆ ಕಟ್ಟುವ ಯೂಸ್ ಟ್ಯಾಕ್ಸ್ ಬೇರೆ, ರಾಜ್ಯದಲ್ಲಿ ಕನಿಷ್ಠ ಶೇ. 7.25, ನಿಮ್ಮ ಕಡೆ ಇನ್ನೂ ಜಾಸ್ತಿ.

ನಿಮ್ಮ ಪಾಲಿಗೆ ಒಂದು ಒಳ್ಳೆಯ ಸುದ್ದಿ ಅಂದರೆ ಕಾರು 1992ರದು. 1996ರಿಂದ ಇಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಬಿಡಿ-2 ಎಂಬ ಸ್ವಯಂ ತಪಾಸಣಾ ವ್ಯವಸ್ಥೆ ಕಡ್ಡಾಯವಾಯಿತು. ಜಪಾನ್‌ನ ಒಳಮಾರುಕಟ್ಟೆ ಕಾರುಗಳಲ್ಲಿ ಅದು ಇಲ್ಲಿನ ರೀತಿಯಲ್ಲಿ ಇಲ್ಲ. ಒಂದಿಡೀ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿ ಕೂರಿಸುವುದು ಹುಡುಗಾಟವಲ್ಲ. ಆಮೇಲೆ ಬಂದ ಆರ್34 ಮಾಡೆಲ್‌ನ ಕನಸು ಕಾಣುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆರ್32ಕ್ಕೆ ದಾರಿ ಕಷ್ಟದ್ದಾದರೂ ಇದೆ.

ಇನ್ನು "ಹಳೇ ಕಾರಿಗೆ ಸ್ಮಾಗ್ ಇಲ್ಲ" ಎಂಬ ಮಾತು. ಇದೂ ಒಂದು ಕಾಲದಲ್ಲಿ ನಿಜವಾಗಿತ್ತು. ಮೊದಲು ಇಲ್ಲಿ 30 ವರ್ಷ ದಾಟಿದ ಕಾರಿಗೆ ವಿನಾಯಿತಿ ಇತ್ತು, ಪ್ರತಿ ವರ್ಷ ಒಂದೊಂದು ಮಾಡೆಲ್ ಹೊರಬೀಳುತ್ತಿತ್ತು. 2004ರಲ್ಲಿ ಕಾನೂನು ಬದಲಾಗಿ ಗಡಿಯಾರ 1975ಕ್ಕೆ ನಿಂತುಹೋಯಿತು. ಅವತ್ತಿನಿಂದ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಮಾತ್ರ ವಿನಾಯಿತಿ. 1976ರ ಕಾರಿಗೆ ನೂರು ವರ್ಷ ತುಂಬಿದರೂ, ಈಗಿರುವ ಕಾನೂನಿನ ಪ್ರಕಾರ, ಎರಡು ವರ್ಷಕ್ಕೊಮ್ಮೆ ಟೆಸ್ಟ್ ತಪ್ಪದು.

ಜೇ ಲೆನೋ ಹೆಸರಿನಲ್ಲಿ ಓಡಾಡುತ್ತಿರುವುದು ಎಸ್‌ಬಿ 712 ಎಂಬ ಮಸೂದೆ. 35 ವರ್ಷ ದಾಟಿದ ಸಂಗ್ರಹಯೋಗ್ಯ ಕಾರುಗಳಿಗೆ ಸ್ಮಾಗ್ ಚೆಕ್ ಬೇಡ ಎನ್ನುವುದು ಅದರ ತಿರುಳು. ಅದು ರಾಜ್ಯದ ಸೆನೆಟ್ ದಾಟಿತು, ಆದರೆ 2025ರ ಆಗಸ್ಟ್‌ನಲ್ಲಿ ಅಸೆಂಬ್ಲಿಯ ಸಮಿತಿಯೊಂದರಲ್ಲಿ ನಿಂತುಹೋಯಿತು. ನಾಳೆ ಅಂಥದ್ದು ಮತ್ತೆ ಬಂದರೂ ಅದರ ಗಮನವೆಲ್ಲ ಎರಡು ವರ್ಷದ ತಪಾಸಣೆಯ ಮೇಲೆ. ನಿಮ್ಮ ತೊಂದರೆ ಇರುವುದು ಮೊದಲ ನೋಂದಣಿಯಲ್ಲಿ. ಅದನ್ನು ನೆಚ್ಚಿಕೊಂಡು ಕಾರು ಕೊಂಡು ಗರಾಜಿನಲ್ಲಿಟ್ಟು ಕಾಯುವುದು ನನಗಂತೂ ಸರಿ ಕಾಣುವುದಿಲ್ಲ.

ಮೊಂಟಾನಾ ವಿಷಯ ಕೇಳಿದಾಗಲೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಕಾರು ರಾತ್ರಿ ಎಲ್ಲಿ ಮಲಗುತ್ತದೆ? ಫ್ರೀಮಾಂಟ್‌ನಲ್ಲಿ ಮಲಗಿ, ಮುಖ್ಯವಾಗಿ ಇಲ್ಲಿನ ರಸ್ತೆಯಲ್ಲೇ ಓಡುವ ಕಾರು ಇಲ್ಲೇ ನೋಂದಣಿಯಾಗಬೇಕು. ಅದಕ್ಕೆ 20 ದಿನ ಗಡುವು. ಮೊಂಟಾನಾದಲ್ಲಿ ಎಲ್‌ಎಲ್‌ಸಿ ತೆರೆಯುವುದು ತಪ್ಪಲ್ಲ. ಕಾರು ಅಲ್ಲಿದೆ ಎಂದು ತೋರಿಸಿ ಇಲ್ಲಿ ಓಡಿಸುವುದು ತಪ್ಪು. ಹೈವೇ ಪ್ಯಾಟ್ರೋಲ್ ಪೊಲೀಸರು ಹೊರರಾಜ್ಯದ ಪ್ಲೇಟ್ ಹಾಕಿಕೊಂಡು ಇಲ್ಲೇ ಇರುವವರ ಮೇಲೆ ದೂರು ಕೊಡಲು ಒಂದು ವ್ಯವಸ್ಥೆಯನ್ನೇ ಇಟ್ಟಿದ್ದಾರೆ, ಹೆಸರು ಚೀಟರ್ಸ್. ತಮಾಷೆ ಅಲ್ಲ. ಆರ್32ರ ಸೈಲೆನ್ಸರ್ ಸದ್ದಿಗೆ ಬೇಸತ್ತ ನೆರೆಯವರು ಕೂತಲ್ಲಿಂದಲೇ ದೂರು ಕಳಿಸಬಹುದು. ದಂಡಕ್ಕಿಂತ ನನಗೆ ಹೆದರಿಕೆ ವಿಮೆಯದ್ದು. ಕಾರು ಎಲ್ಲಿ ನಿಲ್ಲುತ್ತದೆ ಎಂದು ತಪ್ಪು ಬರೆದುಕೊಟ್ಟು ಪಾಲಿಸಿ ತೆಗೆದುಕೊಂಡು, ಆಮೇಲೆ ಯಾರಿಗಾದರೂ ಪೆಟ್ಟಾಗುವ ಅಪಘಾತವಾದರೆ ಕ್ಲೇಮ್ ತಿರಸ್ಕರಿಸಲು ಅಷ್ಟೇ ಕಾರಣ ಸಾಕು. ಆಗ ಹೋಗುವುದು ಕಾರು ಮಾತ್ರವಲ್ಲ, ಮನೆ ಕೂಡ.

ನನ್ನ ಬಳಿ ಬಂದಿದ್ದ ಒಬ್ಬರ ಕತೆ ಹೇಳುತ್ತೇನೆ. ಅವರು ಕ್ಯಾಲಿಫೋರ್ನಿಯಾ ಪ್ಲೇಟ್ ಇದ್ದ ಸ್ಕೈಲೈನ್ ಅನ್ನೇ ಕೊಂಡಿದ್ದರು. ಪ್ಲೇಟ್ ಇದೆಯಲ್ಲ, ಇನ್ನೇನು ಎಂಬ ಧೈರ್ಯ. ಎರಡು ವರ್ಷದ ಸ್ಮಾಗ್‌ಗೆ ಬಂದಾಗ ಬಾನೆಟ್ ಎತ್ತಿ ನೋಡಿದರೆ ಯಾವ ಲೇಬಲ್ಲೂ ಇಲ್ಲ. ಹಿಂದಿನ ಮಾಲೀಕನ ಏಜೆಂಟ್ ಕಾಗದದಲ್ಲಿ ಅದನ್ನು ಇಲ್ಲೇ ಮಾರಾಟವಾದ ನಿಸಾನ್ ಎಂದು ಬರೆಸಿದ್ದ. ನೋಂದಣಿ ನಿಂತಿತು. ಏಜೆಂಟ್ ಫೋನ್ ಎತ್ತಲಿಲ್ಲ. ಕೊನೆಗೆ ಕಾರನ್ನು ನಷ್ಟಕ್ಕೆ ಬೇರೆ ರಾಜ್ಯದವರಿಗೆ ಮಾರಿದರು. ಟ್ರೇಲರ್ ಮೇಲೆ ಅದು ಹೋಗುವುದನ್ನು ನೋಡುತ್ತಾ ನಿಂತವರ ಮುಖ ನನಗೆ ಇನ್ನೂ ನೆನಪಿದೆ. ಅದಕ್ಕೇ ಪ್ಲೇಟ್ ನೋಡಿ ನಂಬಬೇಡಿ ಅನ್ನುವುದು.

ಹಾಗಾದರೆ ಏನು ಮಾಡಬಹುದು? ನಿಮಗೆ ಆರ್32ವೇ ಬೇಕು ಅಂದರೆ ನನ್ನ ಸಲಹೆ, ಆಗಲೇ ಲ್ಯಾಬ್ ಪ್ರಮಾಣಪತ್ರ ಪಡೆದ ಕಾರನ್ನು ಈ ರಾಜ್ಯದೊಳಗೇ ಹುಡುಕಿ. ಬೆಲೆ ಜಾಸ್ತಿ ಇರುತ್ತದೆ, ಬೇರೊಬ್ಬರು ಪಟ್ಟ ಪಾಡಿಗೆ ನೀವು ಕೊಡುವ ಹಣ ಅದು. ಪ್ರಮಾಣಪತ್ರದ ಮೇಲಿನ ಚಾಸಿಸ್ ನಂಬರನ್ನೂ ಕಾರಿನ ಮೇಲೆ ಕೊರೆದ ನಂಬರನ್ನೂ ನಿಮ್ಮ ಕಣ್ಣಾರೆ ಹೋಲಿಸಿ. ಅದು ಬಿಎನ್‌ಆರ್32 ಎಂದು ಶುರುವಾಗುತ್ತದೆ, ಇಲ್ಲಿನ ಹಾಗೆ 17 ಅಂಕಿಯ ವಿಐಎನ್ ಇರುವುದಿಲ್ಲ. (ವಿಮೆ ಕಂಪನಿಗಳ ಆನ್‌ಲೈನ್ ಫಾರ್ಮ್ ಇದನ್ನು ಒಪ್ಪದೆ ಸತಾಯಿಸುತ್ತದೆ. ಫೋನ್ ಮಾಡಿ.) ಲ್ಯಾಬ್ ಹಾಕಿದ ಕನ್ವರ್ಟರ್, ಡಬ್ಬಿ ಎಲ್ಲ ಇನ್ನೂ ಅಲ್ಲೇ ಇವೆಯಾ ನೋಡಿ. ಪಾಸಾದ ಮರುದಿನವೇ ಬಿಚ್ಚಿ ಹಳೆಯ ಪೈಪ್ ಹಾಕಿಕೊಳ್ಳುವ ಮಹಾನುಭಾವರಿದ್ದಾರೆ. ಕೊನೆಯ ಸ್ಮಾಗ್ ಯಾವಾಗ, ಎಲ್ಲಿ ಆಯಿತೆಂದೂ ಕೇಳಿ. ಇಂಥ ಕಾರುಗಳನ್ನು ಸಾಮಾನ್ಯ ಅಂಗಡಿಯವರು ರಾಜ್ಯದ ಸ್ಮಾಗ್ ರೆಫ್ರಿ, ಅಂದರೆ ತೊಡಕಿನ ಕಾರುಗಳನ್ನು ನೋಡುವ ಕೇಂದ್ರದ ಬಳಿಗೆ ಕಳಿಸುತ್ತಾರೆ. ರೆಫ್ರಿ ನೋಡಿರುವ ಕಾರಾದರೆ ಅರ್ಧ ಚಿಂತೆ ಕಳೆಯಿತು.

ಸಿಯಾಟಲ್ ಕಾರೇ ಬೇಕು ಅಂದರೆ ಕೊಳ್ಳುವ ಮೊದಲು ಲ್ಯಾಬ್‌ಗೆ ಫೋನ್ ಮಾಡಿ. ಈ ಮಾಡೆಲ್ ಮಾಡಿದ್ದೀರಾ, ಈಗ ತೆಗೆದುಕೊಳ್ಳುತ್ತೀರಾ, ಫೇಲ್ ಆದರೆ ಯಾರ ಖರ್ಚು ಎಂದು ಬರಹದಲ್ಲಿ ತರಿಸಿಕೊಳ್ಳಿ. ಮಾರುವವರಿಂದ ಎಚ್‌ಎಸ್-7, 3520-1, ಕಸ್ಟಮ್ಸ್‌ನ 7501, ಜಪಾನ್‌ನ ರಫ್ತು ಪ್ರಮಾಣಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ, ಇಷ್ಟರ ಪ್ರತಿ ಕೇಳಿ. "ಎಲ್ಲೋ ಇದೆ, ಆಮೇಲೆ ಕಳಿಸ್ತೀನಿ" ಅಂದರೆ ಇಲ್ಲ ಅಂತಲೇ ತಿಳಿದುಕೊಳ್ಳಿ. ಕಾರು ಎಷ್ಟು ಮೂಲ ಸ್ಥಿತಿಯಲ್ಲಿದೆ ಎಂಬುದು ಇಲ್ಲಿ ಬಹಳ ಮುಖ್ಯ. ಕಂಪನಿ ಹೇಳಿದ ಶಕ್ತಿ 280 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ). ಇದು 500 ಕೊಡುತ್ತೆ ಎಂದು ಹೆಮ್ಮೆಯಿಂದ ಹೇಳುವ ಕಾರು ಟ್ರ್ಯಾಕ್‌ಗೆ ಚೆನ್ನ, ಲ್ಯಾಬ್‌ಗೆ ತಲೆನೋವು. ದೊಡ್ಡ ಟರ್ಬೊ, ಬೇರೆ ಇಸಿಯು (ಎಂಜಿನ್‌ನ ಕಂಪ್ಯೂಟರ್), ಕಾರ್ಬ್ ಒಪ್ಪಿದ್ದಕ್ಕೆ ಗುರುತಾದ ಇಒ ನಂಬರ್ ಇಲ್ಲದ ಭಾಗಗಳು, ಎಲ್ಲವನ್ನೂ ಬಿಚ್ಚಿ ಮೊದಲಿನ ಹಾಗೆ ಮಾಡಬೇಕಾಗುತ್ತದೆ. 30 ವರ್ಷದ ಹಿಂದಿನ ಮೂಲ ಭಾಗಗಳು ಸಿಗುವುದೇ ಕಷ್ಟ, ಸಿಕ್ಕರೆ ಬೆಲೆ ಕೇಳಬೇಡಿ.

ರಸ್ತೆಗೆ ಬೇಡ, ಟ್ರ್ಯಾಕ್‌ಗೆ ಸಾಕು ಅಂದರೆ ಟ್ರೇಲರ್ ಮೇಲೆ ಸೊನೋಮಾಗೋ ಥಂಡರ್‌ಹಿಲ್‌ಗೋ ಕರೆದೊಯ್ಯಬಹುದು. ಲಗೂನಾ ಸೆಕಾದಲ್ಲಿ ಹೆಚ್ಚಿನ ದಿನ 90 ಡೆಸಿಬಲ್ ಮಿತಿ, ಅಲ್ಲಿ ಹೊಗೆಗಿಂತ ಸದ್ದಿಗೆ ಪರೀಕ್ಷೆ. ಆದರೆ ಮಕ್ಕಳನ್ನು ಕೂರಿಸಿಕೊಂಡು ಭಾನುವಾರ ಒಂದು ಸುತ್ತು ಹೋಗುವ ಆಸೆ ಇದ್ದರೆ ಈ ದಾರಿ ಅದನ್ನು ತೀರಿಸುವುದಿಲ್ಲ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಆ ಕಾಲದ ಜಪಾನಿ ಕಾರಿನ ರುಚಿ ಬೇಕು ಅಂದರೆ ಅಮೆರಿಕಕ್ಕೆಂದೇ ತಯಾರಾದವು ಇವೆಯಲ್ಲ. ನಿಸಾನ್‌ನದೇ 300ಝಡ್‌ಎಕ್ಸ್ ಟ್ವಿನ್ ಟರ್ಬೊ, ಮಾಜ್ದಾ ಆರ್‌ಎಕ್ಸ್-7, ಅಕ್ಯೂರಾ ಎನ್‌ಎಸ್‌ಎಕ್ಸ್, ದುಡ್ಡಿದ್ದರೆ ನಾಲ್ಕನೇ ತಲೆಮಾರಿನ ಸುಪ್ರಾ. ಬಾನೆಟ್ ಕೆಳಗೆ ಸ್ಟಿಕ್ಕರ್ ಇರುತ್ತದೆ. ಲ್ಯಾಬ್ ಬೇಡ, ಪ್ರಮಾಣಪತ್ರ ಬೇಡ, ಎಲ್ಲರ ಹಾಗೆ ಸ್ಮಾಗ್ ಚೆಕ್. ಬೇರೆ ರಾಜ್ಯದಿಂದ ತಂದರೂ 7,500 ಮೈಲಿ ಓಡಿದ್ದರೆ ಅಡ್ಡಿಯಿಲ್ಲ, ಅಷ್ಟು ಹಳೆಯ ಕಾರು ಅಷ್ಟು ಓಡಿಯೇ ಇರುತ್ತದೆ. ನನ್ನನ್ನೇ ಕೇಳಿದರೆ ನಾನು 300ಝಡ್‌ಎಕ್ಸ್ ಕೊಳ್ಳುತ್ತಿದ್ದೆ. ಎಂಜಿನ್ ಕೋಣೆ ಇಕ್ಕಟ್ಟು, ಕೈ ಹೋಗುವುದಿಲ್ಲ, ಮೆಕ್ಯಾನಿಕ್‌ಗಳು ಶಪಿಸುತ್ತಾರೆ. ಆದರೂ.

ಕೊನೆಗೆ ಬಲಗಡೆ ಸ್ಟೀರಿಂಗ್. ಅದು ಇಲ್ಲಿ ಕಾನೂನಿಗೆ ವಿರುದ್ಧವಲ್ಲ. ಊರಲ್ಲಿ ಡ್ರೈವಿಂಗ್ ಕಲಿತಿದ್ದರೆ ಎಡಗೈಯಲ್ಲಿ ಗೇರ್ ಹಾಕುವುದು ನಿಮಗೆ ಹೊಸದೂ ಅಲ್ಲ. ಕಷ್ಟ ಆಗುವುದು ಎರಡೇ ಕಡೆ: ಮುಂದೆ ಲಾರಿ ಇದ್ದಾಗ ಓವರ್‌ಟೇಕ್ ಮಾಡುವಾಗ, ಮತ್ತೆ ಡ್ರೈವ್-ಥ್ರೂನಲ್ಲಿ ಕಾಫಿ ಈಸಿಕೊಳ್ಳುವಾಗ. ಎರಡನೆಯದಕ್ಕೆ ಹೆಂಡತಿಯನ್ನೋ ಗೆಳೆಯರನ್ನೋ ಎಡಗಡೆ ಕೂರಿಸಿಕೊಂಡು ಹೋಗಿ.